ಸೊನ್ನೆಗೊಂದು ಸಹಿ

ನೀರಿನ ಫಿಲ್ಟರು ಕೆಟ್ಟಿತ್ತು. ಗ್ಯಾರಂಟಿ ಕಾರ್ಡು ಹುಡುಕಲು ಅವಳು ಬೀರುವಿನ ಮೇಲಿನಿಂದ ಹಳೆಯ ಫೈಲು ಇಳಿಸಿದಳು. ಕಾರ್ಡೇನೋ ಸಿಕ್ಕಿತು. ಫಿಲ್ಟರಿನ ಗ್ಯಾರಂಟಿ ಮುಗಿದು ಮೂರು ತಿಂಗಳಾಗಿತ್ತು. ಆ ಕಾರ್ಡಿನ ಮಡಿಕೆಯೊಳಗೆ ಇನ್ನೊಂದು ಕಾಗದವಿತ್ತು. ಅದರ ಪ್ರಕಾರ ಗಂಡನ ಗ್ಯಾರಂಟಿ ಮುಗಿದು ಎರಡು ವರ್ಷವಾಗಿತ್ತು.

ಯಾವುದೋ ಲ್ಯಾಬಿನ ವರದಿ. ಮೇಲೆ ಗಂಡನ ಹೆಸರು, ವಯಸ್ಸು, ತಾರೀಖು. ಕೆಳಗೆ ವೀರ್ಯಾಣುಗಳ ಸಂಖ್ಯೆ ಎಂಬಲ್ಲಿ ಒಂದು ಸೊನ್ನೆ. ದುಂಡಗೆ, ಅಂದವಾಗಿ, ಯಾವ ಸಂದೇಹಕ್ಕೂ ಎಡೆಯಿಲ್ಲದಂತೆ ಅಚ್ಚಾಗಿತ್ತು.

ಅವಳು ನೆಲದ ಮೇಲೆಯೇ ಕುಳಿತಳು. ಎರಡು ವರ್ಷ. ಈ ಎರಡು ವರ್ಷದಲ್ಲಿ ಅತ್ತೆ ತರಿಸಿಕೊಟ್ಟ ಕಹಿ ಪುಡಿಗಳನ್ನು ಅವಳು ಬಿಸಿನೀರಲ್ಲಿ ಕಲಸಿ ಕಣ್ಣುಮುಚ್ಚಿ ಕುಡಿದಿದ್ದಳು. "ಬೀಜ ಚಿನ್ನದಂಥದ್ದು, ಹೊಲವೇ ಸರಿಯಿಲ್ಲದಿದ್ರೆ ನನ್ನ ಮಗ ತಾನೇ ಏನ್ ಮಾಡ್ತಾನೆ" ಎಂದು ಅತ್ತೆ ಪಕ್ಕದ ಮನೆಯವಳಿಗೆ ಗೋಡೆಯ ಮೇಲಿಂದ ಹೇಳುವಾಗ ಆ ಚಿನ್ನದ ಬೀಜದ ಒಡೆಯ ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಕೂತಿರುತ್ತಿದ್ದ. ನಾದಿನಿಯ ಕೂಸನ್ನು ಅವಳು ಎತ್ತಿಕೊಳ್ಳಲು ಹೋದಾಗ ಅತ್ತೆ "ಬೇಡ ಬಿಡು, ಮಲಗಿದೆ" ಎಂದಿದ್ದರು. ಕೂಸು ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಆ ದಿನ ನಾದಿನಿಯ ಮನೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಅವಳ ಕೈ ಹಿಡಿದುಕೊಂಡು, ತುಂಬ ದೊಡ್ಡ ಮನಸ್ಸಿನಿಂದ, "ಮಕ್ಕಳಾಗದಿದ್ರೂ ನಾನು ನಿನ್ನ ಬಿಡಲ್ಲ ಕಣೇ" ಎಂದಿದ್ದ. ಅವಳು ಕೃತಜ್ಞತೆಯಿಂದ ಅತ್ತಿದ್ದಳು. ಈಗ ಆ ಕಣ್ಣೀರನ್ನು ವಾಪಸು ಕೇಳಬೇಕೆನ್ನಿಸಿತು.

ಬೇರೆ ಯಾರಾದರೂ ಆಗಿದ್ದರೆ ಕಾಗದವನ್ನು ಅವನ ಮುಖಕ್ಕೆ ಹಿಡಿಯುತ್ತಿದ್ದರು. ಅವಳು ಹಾಗೆ ಮಾಡಲಿಲ್ಲ. ಹದಿನಾಲ್ಕು ವರ್ಷದಿಂದ ಬ್ಯಾಂಕಿನಲ್ಲಿ ಸಹಿ ಪರಿಶೀಲಿಸುವ ಮೇಜಿನಲ್ಲಿ ಕೂತವಳು ಅವಳು. ಎಷ್ಟೋ ಕಳ್ಳಸಹಿಗಳನ್ನು ಹಿಡಿದಿದ್ದಳು. ಅವಸರಪಟ್ಟವರೇ ಸಿಕ್ಕಿಬೀಳುತ್ತಾರೆಂಬುದು ಅವಳ ಅನುಭವ. ಈಗ ಕಾಗದ ತೋರಿಸಿದರೆ ಏನಾದೀತು? ಗಂಡ ಅಳುತ್ತಾನೆ. ಅತ್ತೆ ಒಂದು ವಾರ ಸುಮ್ಮನಿದ್ದು, ಎಂಟನೆಯ ದಿನ "ನಿನ್ನ ಕಾಲ್ಗುಣದಿಂದ ನನ್ನ ಮಗನಿಗೆ ಹೀಗಾಯ್ತು" ಅನ್ನುತ್ತಾರೆ. ಮಗುವಂತೂ ಬರುವುದಿಲ್ಲ. ಅವಳಿಗೆ ಮಗುವೂ ಬೇಕಿತ್ತು, ಸೇಡೂ ಬೇಕಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳು ವರದಿಯನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿಕೊಂಡು, ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಇಟ್ಟು, ಕೈತೊಳೆದು, ರಾತ್ರಿಯ ಅಡುಗೆಗೆ ತರಕಾರಿ ಹೆಚ್ಚಿದಳು.

ಯೋಜನೆ ಎರಡೇ ವಾರದಲ್ಲಿ ಬೆಳೆದು ನಿಂತಿತು. ಊರಿನ ಇನ್ನೊಂದು ತುದಿಯಲ್ಲಿ ಮಕ್ಕಳಾಗದವರ ಕ್ಲಿನಿಕ್ಕೊಂದಿತ್ತು. ಗಂಡನಲ್ಲಿ ವೀರ್ಯಾಣು ಇಲ್ಲದಿದ್ದರೆ ಅಲ್ಲಿ ದಾನಿಯ ವೀರ್ಯವನ್ನು ತೆಳುವಾದ ನಳಿಕೆಯಲ್ಲಿ ನೇರ ಗರ್ಭಕೋಶಕ್ಕೆ ಬಿಡುತ್ತಿದ್ದರು. ಐದು ನಿಮಿಷದ ಕೆಲಸ, ಐಯುಐ ಅನ್ನುತ್ತಾರೆ. ದಾನಿ ಯಾರೆಂದು ಯಾರಿಗೂ ಹೇಳುವುದಿಲ್ಲ. ಎತ್ತರ, ಮೈಬಣ್ಣ, ರಕ್ತದ ಗುಂಪು ಗಂಡನಿಗೆ ಹೊಂದುವಂತೆ ಅವರೇ ಆರಿಸುತ್ತಾರೆ. ಬೇಕಾದದ್ದು ಒಂದೇ, ಡಾಕ್ಟರ ಎದುರು ಕೂತು ಗಂಡ ಒಪ್ಪಿಗೆಯ ಸಹಿ ಹಾಕಬೇಕು.

ಈ ಅಪರಾಧದ ಸೊಗಸು ಅವಳನ್ನೇ ಮರುಳುಮಾಡಿತು. ಮಗು ತನ್ನದಲ್ಲವೆಂದು ತಿಳಿಯುವ ಮನುಷ್ಯ ಭೂಮಿಯ ಮೇಲೆ ಒಬ್ಬನೇ, ಗಂಡ. ಅವನು ಬಾಯಿ ಬಿಡುವಂತಿಲ್ಲ. "ನನ್ನದಲ್ಲ" ಅನ್ನಬೇಕಾದರೆ "ನನ್ನಿಂದಾಗದು" ಅನ್ನಬೇಕು. ಅದನ್ನಂದರೆ ಎರಡು ವರ್ಷದ ಪುಡಿಯ ಲೆಕ್ಕ ಕೊಡಬೇಕು. ಕಳ್ಳನಿಗೆ ಚೇಳು ಕುಟುಕಿದ ಹಾಗೆ! ಅವನು ಜೀವನಪೂರ್ತಿ ಆ ಮಗುವನ್ನು ಹೆಗಲಮೇಲೆ ಹೊತ್ತು, ಬಂದವರಿಂದೆಲ್ಲ "ಥೇಟ್ ಅಪ್ಪನ ಮೂಗು" ಎಂಬ ಮಾತು ಕೇಳಿಸಿಕೊಂಡು ಹಲ್ಲುಕಿರಿಯಬೇಕು.

ಇನ್ನು ಬೇಕಿದ್ದದ್ದು ಸಹಿ ಹಾಕುವ ಗಂಡ.

ಅವಳ ಮೇಜಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಒಬ್ಬ ನಾಟಕದ ನಟನಿದ್ದ. ಬ್ಯಾಂಕಿನವರೆಲ್ಲ ಅವನನ್ನು ಮಹಾರಾಜ ಎನ್ನುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಅವನಿಗೆ ದ್ವಾರಪಾಲಕನ ಪಾತ್ರಕ್ಕಿಂತ ಮೇಲಿನದು ಸಿಕ್ಕಿರಲಿಲ್ಲವಾದ್ದರಿಂದ ಆ ಹೆಸರು. ಅವನ ಸಹಿ ಒಂದು ಸಲವೂ ಹೊಂದುತ್ತಿರಲಿಲ್ಲ.

"ಈ ಸಲ ಸರಿಯಾಗಿದೆಯಾ ಮೇಡಂ?"

"ಹೋದ ಸಲ ಬಾಲ ಎಡಕ್ಕಿತ್ತು. ಈ ಸಲ ಬಲಕ್ಕೆ ತಿರುಗಿದೆ."

"ಕಲಾವಿದ ಮೇಡಂ. ಮಾಡಿದ್ದನ್ನೇ ಮಾಡೋಕೆ ಮನಸ್ಸು ಬರಲ್ಲ."

ಮಹಾರಾಜನ ಎತ್ತರ, ಬಣ್ಣ ಹೆಚ್ಚುಕಡಿಮೆ ಗಂಡನದೇ. ರಕ್ತದ ಗುಂಪೂ ಅದೇ ಎಂದು ಅವಳು ಮಾತಿನ ನಡುವೆ ಕೇಳಿ ತಿಳಿದುಕೊಂಡಳು. ಎಲ್ಲಕ್ಕಿಂತ ಮಿಗಿಲಾದ ಅರ್ಹತೆಯನ್ನು ಅವನೇ ಇಡೀ ಬ್ಯಾಂಕಿಗೆ ಕೇಳುವಂತೆ ಸಾರಿದ್ದ: ಎರಡು ಮಕ್ಕಳಾದ ಮೇಲೆ ಹೆಂಡತಿಗೆ ತೊಂದರೆ ಬೇಡವೆಂದು ತಾನೇ ಆಪರೇಷನ್ ಮಾಡಿಸಿಕೊಂಡೆ, ಮೂರನೇ ದಿನ ರಂಗದ ಮೇಲೆ ಕತ್ತಿ ಹಿಡಿದು ನಿಂತಿದ್ದೆ ಅಂತ. ಕ್ಲಿನಿಕ್ಕಿನವರು ಮತ್ತೆ ಪರೀಕ್ಷೆ ಮಾಡಿಸಿದರೂ ಅವನಲ್ಲಿ ಸಿಗುವುದು ಸೊನ್ನೆಯೇ. ಇಂಥ ಗಂಡ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಬ್ಯಾಂಕಿನ ಹಿಂದಿನ ಕ್ಯಾಂಟೀನಿನಲ್ಲಿ ಅವಳು ವಿಷಯ ತಿಳಿಸಿದಳು.

"ಎಷ್ಟು ದೃಶ್ಯ ಮೇಡಂ?"

"ಎರಡು. ಹೆಚ್ಚಂದ್ರೆ ಮೂರು."

"ಪಾತ್ರ?"

"ಗಂಡ."

ಮಹಾರಾಜ ಚಹಾದ ಲೋಟ ಕೆಳಗಿಟ್ಟ. ಬೆನ್ನು ನೆಟ್ಟಗೆ ಮಾಡಿ ಕೂತ. "ಮುಖ್ಯ ಪಾತ್ರ," ಎಂದ. ಆಮೇಲೆ, "ಮನೇಲಿ ನನ್ನ ಹೆಂಡ್ತಿಗೆ ಹೇಳಬಹುದಾ?"

"ಹೇಳಿದ್ರೆ ಇದೇ ನಿಮ್ಮ ಕೊನೇ ಪಾತ್ರ."

ಸಹಿಯ ತಾಲೀಮು ಮೂರು ವಾರ ನಡೆಯಿತು. ಗಂಡ ಹಾಕಿದ ಎಂಟು ಸಹಿಗಳನ್ನು ಅವಳು ಅವನ ಮುಂದಿಟ್ಟಳು. ಕಳ್ಳಸಹಿ ಮಾಡುವವರು ಸಿಕ್ಕಿಬೀಳುವುದು ತಪ್ಪು ಮಾಡಿ ಅಲ್ಲ, ಪ್ರತಿ ಸಲ ಒಂದೇ ಥರ ಮಾಡಿ ಎಂದು ವಿವರಿಸಿದಳು. ನಿಜವಾದ ಮನುಷ್ಯನ ಸಹಿ ದಿನಕ್ಕೊಂದು ಕೂದಲೆಳೆಯಷ್ಟು ಬದಲಾಗುತ್ತದೆ. ತನ್ನ ಸಹಿಯನ್ನೇ ಎರಡು ಸಲ ಒಂದೇ ಥರ ಹಾಕಲಾರದ ಮಹಾರಾಜನಿಗೆ ಇದು ಹುಟ್ಟಿನಿಂದ ಬಂದ ವಿದ್ಯೆ. ಗಂಡನ ಗುರುತಿನ ಚೀಟಿಯೂ ತೊಂದರೆ ಕೊಡಲಿಲ್ಲ. ಅದರಲ್ಲಿದ್ದ ಫೋಟೋ ಯಾರನ್ನೂ ಹೋಲುತ್ತಿರಲಿಲ್ಲ, ಗಂಡನನ್ನಂತೂ ಮೊದಲೇ ಇಲ್ಲ.

ಮನೆಯಲ್ಲಿ ಅವಳು ಸುಳ್ಳು ಹೇಳುವ ಕಷ್ಟವನ್ನೂ ಪಡಬೇಕಾಗಲಿಲ್ಲ. "ನನಗೇನು ದೋಷ ಇದೆಯೋ ಡಾಕ್ಟರ ಹತ್ರ ತೋರಿಸ್ಕೊಳ್ತೀನಿ ಅತ್ತೆ" ಎಂದಳು. ಅತ್ತೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಈಗಲಾದ್ರೂ ಬುದ್ಧಿ ಬಂತಲ್ಲ" ಎಂದು ತಾವೇ ಬಸ್‌ಸ್ಟಾಪಿನವರೆಗೆ ಬಂದು ಬಿಟ್ಟುಹೋದರು. ಗಂಡ ಪೇಪರಿನ ಮೇಲಿಂದ ಒಮ್ಮೆ ನೋಡಿ, ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡ. ವಾಹನ ವಿಮೆಯ ಸರ್ವೇಯರ್ ಅವನು. ಗುದ್ದಿದ ಕಾರನ್ನು ನೋಡಿ ಮಾಲೀಕ ಎಷ್ಟು ಸುಳ್ಳು ಹೇಳುತ್ತಿದ್ದಾನೆಂದು ಹೇಳಬಲ್ಲವನಿಗೆ ಮನೆಯಲ್ಲಿ ನಡೆಯುತ್ತಿದ್ದ ಅಪಘಾತ ಕಾಣಲಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ನಗು.

ಕ್ಲಿನಿಕ್ಕಿನ ಡಾಕ್ಟರಮ್ಮ ನಿಧಾನಸ್ಥೆ. ಅವಳು ಕೊಟ್ಟ ವರದಿಯ ಪ್ರತಿ ನೋಡಿ, "ಇದು ಹಳೇದು. ಹೊಸದಾಗಿ ಒಂದು ಮಾಡಿಸ್ಲೇಬೇಕು," ಎಂದರು. ಮಹಾರಾಜ ಚಿಕ್ಕ ಡಬ್ಬಿ ಹಿಡಿದು ಒಳಗೆ ಹೋಗಿ, ಯುದ್ಧ ಗೆದ್ದವನಂತೆ ಹೊರಗೆ ಬಂದ. ಎರಡು ದಿನದ ಮೇಲೆ ಫಲಿತಾಂಶ: ಸೊನ್ನೆ. ಎರಡು ಲ್ಯಾಬು, ಒಂದೇ ಉತ್ತರ. ಡಾಕ್ಟರಮ್ಮನ ಮುಖದಲ್ಲಿದ್ದ ಸಂದೇಹ ಹೋಗಿ ಕರುಣೆ ಬಂತು.

"ಹಿಂದೆ ಏನಾದ್ರೂ ಆಪರೇಷನ್ ಆಗಿತ್ತಾ ನಿಮಗೆ?"

"ಹಲ್ಲು ಕೀಳಿಸಿದ್ದು ಬಿಟ್ರೆ ಇನ್ನೇನಿಲ್ಲ," ಎಂದ ಮಹಾರಾಜ. ಅಲ್ಲಿಗೆ ನಿಲ್ಲಿಸಬೇಕಿತ್ತು. ಇಪ್ಪತ್ತು ವರ್ಷ ಮಾತಿಲ್ಲದೆ ನಿಂತವನಿಗೆ ನಿಲ್ಲಿಸಲಾಗಲಿಲ್ಲ. "ಹಾಗಾದ್ರೆ ನನ್ನ ವಂಶ... ನನ್ನಲ್ಲೇ ಮುಗೀತಾ ಡಾಕ್ಟರಮ್ಮ?" ಎಂದು ಎದೆಯ ಮೇಲೆ ಕೈಯಿಟ್ಟ. ಕಣ್ಣಿಂದ ನಿಜವಾದ ನೀರು ಇಳಿಯಿತು. ಅವಳು ಮೇಜಿನ ಕೆಳಗೆ ಅವನ ಕಾಲು ತುಳಿದಳು. ನೋವಿಗೆ ಇನ್ನಷ್ಟು ನೀರು ಬಂತು.

ಡಾಕ್ಟರಮ್ಮ ಕಾಗದದ ಕರವಸ್ತ್ರ ಕೊಟ್ಟರು. ಆಮೇಲೆ ಅವಳ ಕಡೆ ತಿರುಗಿ, "ನೀವು ಅದೃಷ್ಟವಂತೆ ಕಣಮ್ಮ. ಎಷ್ಟೋ ಗಂಡಸರು ಇದನ್ನ ಹೆಂಡ್ತಿಗೂ ಹೇಳದೆ ಮುಚ್ಚಿಡ್ತಾರೆ," ಎಂದರು.

"ಹೌದಾ? ಅಂಥವರೂ ಇರ್ತಾರಾ?" ಎಂದಳು ಅವಳು.

ಮಹಾರಾಜ ಮೂರು ಕಡೆ ಸಹಿ ಹಾಕಿದ. ಮೂರೂ ಗಂಡನದೇ. ಮೂರರ ನಡುವೆ ಇರಬೇಕಾದಷ್ಟೇ ವ್ಯತ್ಯಾಸ. ಅವಳ ಮೇಜಿಗೆ ಬಂದಿದ್ದರೂ ಅವಳು ಪಾಸು ಮಾಡುತ್ತಿದ್ದಳು.

ಮಾತ್ರೆ, ಇಂಜೆಕ್ಷನ್, ಸ್ಕ್ಯಾನಿನ ಮೇಲೆ ಸ್ಕ್ಯಾನು. ಮೊದಲ ತಿಂಗಳ ಪ್ರಯತ್ನ ಫಲಿಸಲಿಲ್ಲ. ಆ ದಿನ ಬ್ಯಾಂಕಿನ ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅವಳು ಅತ್ತಳು. ಸೇಡು ತಪ್ಪಿತೆಂದು ಅಷ್ಟು ಅಳು ಬರುವುದಿಲ್ಲವೆಂದು ಅವಳಿಗೇ ಗೊತ್ತಿತ್ತು. ಎರಡನೆಯ ತಿಂಗಳು ಮತ್ತೆ ಹೋದಳು. ಮೇಲೆ ಟ್ಯೂಬ್‌ಲೈಟಿನ ಒಳಗೆ ಸತ್ತುಬಿದ್ದ ಹುಳುಗಳನ್ನು ಎಣಿಸುತ್ತಾ, ನರ್ಸು ಹೇಳಿದಂತೆ ಹದಿನೈದು ನಿಮಿಷ ಅಲ್ಲಾಡದೆ ಮಲಗಿದಳು. ನಾಳೆ ಗಂಡ "ನಾವು ಸೇರಲೇ ಇಲ್ಲವಲ್ಲ" ಎಂಬ ಸಂದಿಯಲ್ಲಿ ನುಸುಳಬಾರದೆಂದು ಆ ತಿಂಗಳುಗಳಲ್ಲಿ ಅವನೊಡನೆ ಹೆಂಡತಿಯಾಗಿಯೂ ಇದ್ದಳು. ಅವನೂ ಈಚೆಗೆ ಏಕೋ ಉತ್ಸಾಹದಲ್ಲಿದ್ದ. ಪಾಪಪ್ರಜ್ಞೆ ಇರಬೇಕೆಂದುಕೊಂಡಳು.

ಹದಿನೇಳನೆಯ ದಿನ ಬ್ಯಾಂಕಿನ ಶೌಚಾಲಯದಲ್ಲಿ ಗರ್ಭಪರೀಕ್ಷೆಯ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು. ಗಂಡ, ಅತ್ತೆ, ಮಹಾರಾಜ, ಸಹಿ ಎಲ್ಲವೂ ಮರೆತುಹೋಯಿತು. ಆಮೇಲೆ ಸೀರೆ ಸರಿಮಾಡಿಕೊಂಡು ಮೇಜಿಗೆ ಬಂದು, ಒಬ್ಬ ಮುದುಕರ ನಡುಗುವ ಸಹಿಯನ್ನು ಮರುಪ್ರಶ್ನೆಯಿಲ್ಲದೆ ಪಾಸು ಮಾಡಿದಳು.

ಸುದ್ದಿ ಹೇಳಲು ಭಾನುವಾರದ ಬೆಳಗನ್ನು ಆರಿಸಿದಳು. ಕೂರಲು ಗಂಡನ ಎದುರಿನ ಕುರ್ಚಿ. ಮುಖ ಪೂರ್ತಿ ಕಾಣಬೇಕು. ಪೇಪರನ್ನು ಮೊದಲೇ ತೆಗೆದು ಅಡಗಿಸಿಟ್ಟಿದ್ದಳು.

"ಅತ್ತೆ, ನೀವು ಅಜ್ಜಿ ಆಗ್ತಿದ್ದೀರಿ."

"ನೋಡಿದ್ಯಾ!" ಅತ್ತೆ ಕೂತಲ್ಲೇ ಕೈತಟ್ಟಿದರು. "ಪುಡಿ ಕೆಲಸ ಮಾಡ್ತು ನೋಡಿದ್ಯಾ!"

ಗಂಡನ ಮುಖ ಬಿಳಿಚಿತು. ಕೈಯಲ್ಲಿದ್ದ ಕಾಫಿ ತಟ್ಟೆಗೆ ಚೆಲ್ಲಿತು. ಕಣ್ಣು ತುಂಬಿ ಬಂತು. ಎಲ್ಲವೂ ಅವಳು ಬರೆದಿಟ್ಟಂತೆಯೇ ನಡೆಯುತ್ತಿತ್ತು. ಅವನು ಎದ್ದು ಒಳಗೆ ಹೋದ. ನುಂಗಿಕೊಳ್ಳಲು ಹೋಗಿದ್ದಾನೆ, ನುಂಗಲಿ ಎಂದುಕೊಂಡಳು. ಆದರೆ ಅವನು ಆಫೀಸಿನ ಬ್ಯಾಗು ಹಿಡಿದುಕೊಂಡು ವಾಪಸು ಬಂದ.

"ಪುಡಿ ಅಲ್ಲಮ್ಮ," ಎಂದ. "ಇಬ್ಬರಿಗೂ ಒಂದು ಮಾತು ಹೇಳ್ಬೇಕು. ತಪ್ಪು ಇವಳದಾಗಿರಲಿಲ್ಲ. ಮೊದಲಿಂದ್ಲೂ ನಂದೇ. ಎರಡು ವರ್ಷದ ಹಿಂದೇನೇ ಗೊತ್ತಾಗಿತ್ತು, ನಾಚಿಕೆಗೆ ಮುಚ್ಚಿಟ್ಟೆ. ನೀನು ಇವಳನ್ನ ಅಂದಿದ್ದನ್ನೆಲ್ಲ ಕೇಳಿಸ್ಕೊಂಡು ಸುಮ್ಮನೆ ಕೂತಿದ್ದೆ."

ಅತ್ತೆ ಕೈತಟ್ಟುವುದನ್ನು ಬಿಟ್ಟು ಕೈಗಳನ್ನು ಮಡಿಲಿಗೆ ಇಳಿಸಿದರು. ಗಂಡ ಬಾಯಿ ಬಿಡಲಾರನೆಂಬ ಒಂದೇ ನಂಬಿಕೆಯ ಮೇಲೆ ಅವಳು ಕಟ್ಟಿದ ಯೋಜನೆ. ಅವನು ಬಾಯಿ ಬಿಟ್ಟಿದ್ದ. ಇನ್ನು ಮುಂದಿನ ಮಾತು ಒಂದೇ: ಹಾಗಾದರೆ ಇದು ಯಾರದು? ಅವಳು ಕಾದಳು.

ಅವನು ಅದನ್ನು ಕೇಳಲಿಲ್ಲ. ಬ್ಯಾಗಿನಿಂದ ಒಂದು ಕಾಗದ ತೆಗೆದು ಅವಳ ಮುಂದಿಟ್ಟ. ಅದೇ ಲ್ಯಾಬು, ಅದೇ ಹೆಸರು. ಸಂಖ್ಯೆಯ ಜಾಗದಲ್ಲಿ ಮಾತ್ರ ಎರಡು ಕೋಟಿ ಎಂಬತ್ತು ಲಕ್ಷ. "ಹೋದ ವರ್ಷ ಹನ್ನೆರಡು ದಿನ ಟೂರು ಅಂತ ಹೋಗಿದ್ನಲ್ಲ, ಅದು ಟೂರಲ್ಲ ಕಣೇ, ಆಪರೇಷನ್. ಒಳಗೆ ಎಲ್ಲೋ ದಾರಿ ಕಟ್ಟಿಕೊಂಡಿತ್ತಂತೆ, ಬಿಡಿಸಿದ್ರು. ಸರಿಹೋಗಿದೆ ಅಂತ ಈ ರಿಪೋರ್ಟ್ ಬಂದಾಗಲೇ ಹೇಳ್ಬೇಕು ಅಂದ್ಕೊಂಡೆ, ಸುಮ್ಮನೆ ಆಸೆ ಹುಟ್ಟಿಸೋದು ಬೇಡ ಅಂತ ಕಾದೆ," ಎಂದು ಕಣ್ಣೊರೆಸಿಕೊಂಡ. ಕಾಗದದ ಮೇಲಿನ ದಿನಾಂಕ, ಮಹಾರಾಜ ಮೂರು ಸಹಿ ಹಾಕಿದ್ದಕ್ಕಿಂತ ಒಂಬತ್ತು ದಿನ ಹಿಂದಿನದು. ಹಳೆಯ ವರದಿಯ ತಾರೀಖನ್ನು ಅವಳು ನೂರು ಸಲ ಓದಿದ್ದಳು. ಪ್ರತಿ ಸಲವೂ ಗಂಡನ ಸುಳ್ಳಿನ ವಯಸ್ಸೆಂದು ಓದಿದ್ದಳೇ ಹೊರತು, ಅದು ಆ ಸೊನ್ನೆಯ ವಯಸ್ಸೂ ಹೌದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಹೊಟ್ಟೆಯಲ್ಲಿರುವುದು ಎದುರಿಗೆ ಅಳುತ್ತಿರುವವನದೋ, ಹೆಸರಿಲ್ಲದ ಯಾವನದೋ? ತಿಳಿಯಬೇಕಾದರೆ ಪರೀಕ್ಷೆ ಮಾಡಿಸಬೇಕು, ಮಾಡಿಸಬೇಕಾದರೆ ಏಕೆಂದು ಹೇಳಬೇಕು. ಅತ್ತೆ ಎದ್ದುಬಂದು, ಹದಿನಾಲ್ಕು ವರ್ಷ ಸಹಿ ಪರಿಶೀಲಿಸಿದ ಆ ಎರಡು ಕೈಗಳನ್ನೂ ಹಿಡಿದುಕೊಂಡು, "ಕ್ಷಮಿಸಮ್ಮ, ನಿನ್ನಂಥ ಸೊಸೇನ ನೋಯಿಸ್ಬಿಟ್ಟೆ" ಎಂದರು. ಗಂಡ ಅವಳ ಪಕ್ಕದ ಕುರ್ಚಿಗೆ ಬಂದು ಕುಳಿತ. "ಇನ್ಮೇಲೆ ನಮ್ಮಿಬ್ಬರ ಮಧ್ಯೆ ಏನೂ ಮುಚ್ಚುಮರೆ ಬೇಡ. ನಿಂದೂ ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡು," ಎಂದ. ಅವಳು ಬಾಯಿ ತೆರೆದಳು, ಮುಚ್ಚಿಕೊಂಡಳು. "ನಂದೇನಿದೆ ರೀ," ಎಂದಳು.