ಹಳದಿ ಗೇಟಿನವರೆಗಿನ ದೂರ

"ನೀ...ನಾ?"

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತವನನ್ನು ಕಂಡು ಅವಳು ಚಹಾ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಅದೇ ಕೆದರಿದ ಕೂದಲು, ಹೆಗಲಲ್ಲಿ ಅದೇ ಹಳೇ ಚೀಲ!

"ಫಿಸಿಕ್ಸ್ ಟೀಚರ್ ಕೆಲಸದ ಡೆಮೊ ಕ್ಲಾಸಿಗೆ ಬಂದಿದ್ದೀನಿ, ಮೇಡಂ," ಎಂದ ಅವನು, ಗುರುತೇ ಇಲ್ಲದವನ ಹಾಗೆ.

ಮೇಡಂ ಅಂತೆ ಮೇಡಂ! ಓದುವಾಗ ದಿನಾ ಇವಳ ಜಡೆ ಎಳೆಯುತ್ತಿದ್ದವನು!

ಮಕ್ಕಳು ಅವಳಿಗೆ 'ಕೆಂಡ ಮಿಸ್' ಎಂದು ಹೆಸರಿಟ್ಟಿದ್ದರು. ಆ ಕೆಂಡ ಹೊತ್ತಿಸಿದವನು ಇವನೇ. ತಮ್ಮ ಮದುವೆ ಮಾತನ್ನು ಮನೆಯಲ್ಲಿ ಮೊದಲು ಯಾರು ಎತ್ತಬೇಕು ಎಂದು ಇಬ್ಬರೂ ಜಗಳವಾಡಿ, ಒಬ್ಬರ ನಂಬರನ್ನು ಒಬ್ಬರು ಬ್ಲಾಕ್ ಮಾಡಿಕೊಂಡಿದ್ದರು. ಮರುದಿನ ಅವಳೇ ಸೋತು, ನಾಚಿಕೆ ಬಿಟ್ಟು ಅವನ ಮನೆಗೆ ಹೋಗಿದ್ದಳು. ಬಾಗಿಲಿಗೆ ಬೀಗ! ಕತ್ತಲಾಗುವವರೆಗೆ ಮೆಟ್ಟಿಲ ಮೇಲೆ ಕೂತಿದ್ದಳು. ತಾಯಿಯನ್ನೂ ಕರೆದುಕೊಂಡು ತಲೆತಪ್ಪಿಸಿಕೊಂಡಿದ್ದಾನೆ, ಹೇಡಿ! ಆ ವಾರವೇ ಬೇರೆ ಊರಲ್ಲಿ ಕೆಲಸ ಹಿಡಿದಿದ್ದಳು.

ಈಗ ತಾನಾಗಿ ಕೈಗೆ ಸಿಕ್ಕಿದ್ದಾನೆ. ಬಿಡುವುದುಂಟೆ?

"ಇವರ ಕ್ಲಾಸು ನಾನೇ ನೋಡ್ತೀನಿ ಸರ್," ಎಂದಳು ಪ್ರಿನ್ಸಿಪಾಲರಿಗೆ.

"ನೋಡಮ್ಮಾ. ನಿನ್ನ ವಿಭಾಗ. ನೀನು ಬೇಡ ಅಂದ್ರೆ ಬೇಡ."

ಬೇಡ! ಅದನ್ನು ಮಕ್ಕಳೆದುರೇ ಹೇಳಬೇಕು. ತಲೆ ತಗ್ಗಿಸಿ ಹೋಗಬೇಕು ಇವನು!

ಪಾಠ ಅವನೇ ಆರಿಸಿಕೊಂಡಿದ್ದು. ಅದಿಶ, ಸದಿಶ.

"ಅದಿಶ ಪರಿಮಾಣಕ್ಕೆ ಎಷ್ಟು ಅಂದ್ರೆ ಸಾಕು. ಸದಿಶಕ್ಕೆ, ಅಂದ್ರೆ ವೆಕ್ಟರ್‌ಗೆ, ಯಾವ ಕಡೆಗೆ ಅನ್ನೋದೂ ಬೇಕು. ನಡೆದ ದೂರ ಅದಿಶ. ಹೊರಟ ಜಾಗದಿಂದ ಯಾವ ದಿಕ್ಕಿಗೆ ಎಷ್ಟು ಸರಿದ್ರಿ ಅನ್ನೋ ಸ್ಥಾನಪಲ್ಲಟ ಸದಿಶ. ಎಲ್ಲಾ ಸುತ್ತಿ ಮನೆಗೇ ವಾಪಸ್ ಬಂದ್ರೆ, ಸ್ಥಾನಪಲ್ಲಟ ಸೊನ್ನೆ."

"ಸೊನ್ನೆನಾ ಸರ್?" ಹಿಂದಿನ ಬೆಂಚಿನಿಂದ ಅವಳು ಚುಚ್ಚಿದಳು. "ಮನೇಲೇ ಬಿದ್ಕೊಂಡಿದ್ದವನಿಗೂ ಸೊನ್ನೆ, ನಡೆದು ನಡೆದು ಬರಿಗೈಲಿ ಬಂದವಳಿಗೂ ಸೊನ್ನೆ. ಇದ್ಯಾವ ನ್ಯಾಯ?"

ಅವನು ಬೋರ್ಡಿನಿಂದ ತಿರುಗಿದ.

"ಸ್ಥಾನಪಲ್ಲಟ ಸೊನ್ನೆ ಮೇಡಂ. ಕಾಲುನೋವು ಸೊನ್ನೆ ಅಲ್ಲ."

ಮಕ್ಕಳು ಗೊಳ್ಳೆಂದು ನಕ್ಕರು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ನಿಮಗೇನು ಗೊತ್ತು ಆ ನೋವು?"

"ಗೊತ್ತು. ಒಂದ್ಸಲ ಅಮ್ಮನ್ನ ಕರ್ಕೊಂಡು ಹೋಗಿದ್ದೆ. ಮಂಡಿನೋವು ಅವರಿಗೆ. ಸೇತುವೆ ದಾಟಿ, ಏರು ಹತ್ತಿ, ಒಂದು ಹಳದಿ ಗೇಟಿನವರೆಗೆ... ಹೆಣ್ಣು ಕೇಳೋಕೆ. ಗೇಟಿಗೆ ಬೀಗ ಹಾಕಿತ್ತು. ಕತ್ತಲಾಗೋವರೆಗೆ ಕಾದು ವಾಪಸ್ ಬಂದ್ವಿ."

ಹಳದಿ ಗೇಟು! ಅವಳು ಅಕ್ಕನ ಜೊತೆ ಇದ್ದ ಮನೆ!

"ಯಾವತ್ತು?" ಅವಳು ಬೆಂಚಿನಿಂದ ಎದ್ದು ನಿಂತಳು.

"ಜಗಳದ ಮರುದಿನ."

ಅವತ್ತು ಅಕ್ಕ ಆಸ್ಪತ್ರೆಯಲ್ಲಿ ಡ್ಯೂಟಿ ಮೇಲಿದ್ದಳು. ಇವಳು ಮಾರ್ಕೆಟ್ ರಸ್ತೆಯ ಬಸ್ ಹತ್ತಿ ಅವನ ಮನೆಗೆ ಹೋಗಿದ್ದಳು. ಇಷ್ಟು ವರ್ಷ ಹಾಲೆರೆದು ಸಾಕಿದ ಹಗೆ... ಅದನ್ನು ಈಗ ಯಾರ ತಲೆಗೆ ಕಟ್ಟುವುದು?

ಬೆಲ್ ಹೊಡೆದು ಮಕ್ಕಳು ಹೊರಗೋಡಿದರು. ಅವಳು ಅವನೆದುರು ಬಂದು ನಿಂತಳು.

"ಬೇಕಂತಲೇ ಈ ಪಾಠ ತಗೊಂಡ್ಯಾ?"

"ಹೂಂ. ನೀನಿಲ್ಲಿದ್ದೀಯ ಅಂತ ಗೊತ್ತಾಗೇ ಬಂದಿದ್ದು. ಕೆಲಸಕ್ಕಲ್ಲ. ನಮ್ಮಮ್ಮನ್ನ ಬೀದೀಲಿ ನಿಲ್ಲಿಸಿದೆಯಲ್ಲ, ನಿನ್ನ ಹೊಟ್ಟೆ ಒಂದ್ಸಲ ಉರಿಸಿ ಹೋಗೋಣ ಅಂತ."

"ಆ ಸಂಜೆ ನಾನೆಲ್ಲಿದ್ದೆ ಗೊತ್ತಾ?" ಅವಳ ಕಣ್ಣೀರು ಧಾರೆಯಾಯಿತು. "ನಿಮ್ಮನೆ ಮೆಟ್ಟಿಲ ಮೇಲೆ ಕಣೋ, ಮಂಕೇ! ನಿಮ್ಮ ಬೀಗ ನೋಡ್ತಾ ಕೂತಿದ್ದೆ!"

ಅವನ ಕೈಯಿಂದ ಡಸ್ಟರ್ ಜಾರಿ ಬಿತ್ತು.

ಪ್ರಿನ್ಸಿಪಾಲರು ಬಾಗಿಲಲ್ಲಿ ಇಣುಕಿದರು. "ಏನಮ್ಮಾ, ಬೇಡ ತಾನೇ?"

"ಬೇಕು ಸರ್!"

ಅದು ಅಗತ್ಯಕ್ಕಿಂತ ಜೋರಾಗಿಯೇ ಬಂತು. ಅವರು ಇಬ್ಬರ ಮುಖವನ್ನೂ ನೋಡಿ ಮೆಲ್ಲಗೆ ಜಾಗ ಖಾಲಿ ಮಾಡಿದರು.

"ಕೋಪ ಇಳೀತಾ?" ಎಂದ ಅವನು, ಅವಳ ಕೆನ್ನೆ ಒರೆಸುತ್ತಾ.

"ಇಲ್ಲ. ಸೇಡು ತೀರಿಸ್ಕೊಳ್ದೇ ಬಿಡೋಳಲ್ಲ ನಾನು. ಭಾನುವಾರ ಅಕ್ಕನ ಮನೆಗೆ ಬಂದಿರ್ತೀನಿ, ಅಮ್ಮನ್ನ ಕರ್ಕೊಂಡು ಮತ್ತೆ ಬಾ. ನಡೆಸಬೇಡ, ಆಟೋದಲ್ಲಿ."

"ನೀನು?"

"ನಾನು ಗೇಟು ತೆಗೆದಿಟ್ಟು ಮನೇಲೇ ಇರ್ತೀನಿ... ಒಂದು ಹೆಜ್ಜೆನೂ ಎತ್ತಿಡಲ್ಲ."