ಎರಡು ವರ್ಷ ಹಳೆಯ ಎಕ್ಸ್‌ರೇ

ಪಿ.ಟಿ. ಟೀಚರ್ ಬಾಗಿಲು ತಟ್ಟಲಿಲ್ಲ. ಒಳಗೆ ಬಂದವಳೇ ಊರುಗೋಲನ್ನು ಗೋಡೆಗೆ ಒರಗಿಸಿ, ಕಂಕುಳಲ್ಲಿದ್ದ ದೊಡ್ಡ ಕವರನ್ನು ಫಿಸಿಯೋಥೆರಪಿಸ್ಟನ ಮೇಜಿನ ಮೇಲೆ ಬಿಸಾಡಿದಳು. ಎಕ್ಸ್‌ರೇ ಜಾರಿ ಅವನ ಟೀ ಲೋಟಕ್ಕೆ ತಾಗಿ ನಿಂತಿತು.

"ನೋಡಿ," ಎಂದಳು. "ಇದು ನನ್ನ ಮನಸ್ಸಿನ ಫೋಟೋ."

ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಸೊಂಟದ ಕೃತಕ ಕೀಲಿನ ಸುತ್ತ, ಬೆಳ್ಳಗೆ ಕಾಣಬೇಕಾದ ಮೂಳೆಯಲ್ಲಿ ಕಪ್ಪು ಕಪ್ಪು ಗುಳಿಗಳು. ಅವನ ಮುಖ ಬಿಳಿಚಿಕೊಂಡಿತು. ಅದನ್ನು ನೋಡಲೆಂದೇ ಅವಳು ಹಲ್ಲುಕಚ್ಚಿ ನೋವು ಸಹಿಸಿಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದಳು. ನೋಡಿದ ಮೇಲೂ ಸಮಾಧಾನವಾಗಲಿಲ್ಲ.

ಹನ್ನೊಂದು ವರ್ಷದ ಹಿಂದೆ ಸ್ಕೂಟರ್ ಅಪಘಾತದಲ್ಲಿ ಅವಳ ಸೊಂಟದ ಕೀಲು ನುಚ್ಚುನೂರಾಗಿತ್ತು. ಲೋಹದ ಗುಂಡು, ಅದು ತಿರುಗಲು ಪ್ಲಾಸ್ಟಿಕ್ ಬಟ್ಟಲು ಕೂರಿಸಿ ಎಬ್ಬಿಸಿ ನಿಲ್ಲಿಸಿದ್ದರು. ನಲವತ್ತೊಂಬತ್ತರ ಈ ವಯಸ್ಸಿನಲ್ಲೂ ಶಾಲೆಯ ಮೈದಾನದಲ್ಲಿ ಅವಳ ವಿಶಲ್‌ಗೆ ಹೆದರದ ಮಕ್ಕಳಿರಲಿಲ್ಲ. ಈ ವರ್ಷ ತೊಡೆಸಂದಿಯಲ್ಲಿ ನೋವು ಶುರುವಾಯಿತು. ಹಾಗೆ ಬಂದದ್ದು ಇವನ ಹತ್ತಿರ.

ನಾಲ್ಕು ತಿಂಗಳು, ವಾರಕ್ಕೆರಡು ಸಲ. ಹೆಂಡತಿ ತೀರಿಕೊಂಡು ಆರು ವರ್ಷವಾಗಿದ್ದ ಮೆದು ಮಾತಿನ ಮನುಷ್ಯ. ವ್ಯಾಯಾಮ ಎಣಿಸುವಾಗ ಎಂಟಾದ ಮೇಲೆ ಬೇಕೆಂದೇ ಏಳಕ್ಕೆ ಹಿಂದೆ ಬರುತ್ತಿದ್ದ. ನಿಮಗೆ ಎಣಿಸೋಕೆ ಬರಲ್ವಾ ಎಂದು ಅವಳು ಗದರಿದರೆ ತುಟಿ ಅಲುಗದೆ ಕಣ್ಣಲ್ಲೇ ನಗುತ್ತಿದ್ದ. ಇವನ ಹತ್ತಿರ ಬರುವ ಮಂಗಳವಾರ, ಶುಕ್ರವಾರ ಮಾತ್ರ ತಂಗಿ ಯಾಕೆ ತನ್ನ ಶರ್ಟಿಗೆ ಇಸ್ತ್ರಿ ಹಾಕುತ್ತಾಳೆಂದು, ಆಗಾಗ ಬಂದುಹೋಗುತ್ತಿದ್ದ ಅವಳ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ನೋವು ಮಾತ್ರ ಏರುತ್ತಲೇ ಹೋಯಿತು. ಹೇಳಿದಾಗಲೆಲ್ಲ ಅವನು ಫೈಲ್ ತೆರೆದು, ಎಕ್ಸ್‌ರೇ ಚೆನ್ನಾಗೇ ಇದೆ, ಸ್ನಾಯು ಬಿಗಿದಿರಬೇಕು ಎನ್ನುತ್ತಿದ್ದ; ಮೆಟ್ಟಿಲು ಹತ್ತಿಸುತ್ತಿದ್ದ. ಕೊನೆಗೆ ಒಂದು ಶುಕ್ರವಾರ, ಮನೆಯಲ್ಲಿ ಒಬ್ಬರೇ ಇರ್ತೀರಲ್ಲ, ಗಮನವೆಲ್ಲ ನೋವಿನ ಮೇಲೇ ಹೋಗುತ್ತೇನೋ ಎಂದುಬಿಟ್ಟ. ಅವಳು ಶೂ ಹಾಕಿಕೊಂಡು ಹೊರಟಳು. ಬೇರೆ ಆಸ್ಪತ್ರೆಗೆ ಹೋಗಿ ಹೊಸ ಎಕ್ಸ್‌ರೇ ತೆಗೆಸಿದಳು. ಅದೇ ಈಗ ಅವನ ಕೈಯಲ್ಲಿತ್ತು.

"ನೀವು ನೋಡ್ತಿದ್ದದ್ದು ಯಾವಾಗಿನದು?"

ಅವನು ಫೈಲ್ ತೆರೆದು ತಾರೀಖು ನೋಡಿದ. "ಎರಡು ವರ್ಷ ಹಳೇದು. ಹೊಸದು ತೆಗೆಸಿ ಅನ್ನಬೇಕಿತ್ತು, ಅನ್ನಲಿಲ್ಲ. ತಪ್ಪು ನಂದೇ ಟೀಚರ್."

ಜಗಳಕ್ಕೆ ಸೊಂಟ ಕಟ್ಟಿ ಬಂದವಳಿಗೆ ಎದುರಾಳಿಯೇ ಸಿಗಲಿಲ್ಲ. ಇದು ಇನ್ನೂ ಮೈ ಉರಿಸಿತು. ಆ ಆಸ್ಪತ್ರೆಯ ಡಾಕ್ಟರ್ ಅವಸರದಲ್ಲಿ ಹೇಳಿದ್ದು ಅರ್ಧ ತಲೆಗೆ ಹೋಗಿಲ್ಲ, ನನ್ನ ಮೂಳೆಯನ್ನು ಏನು ತಿಂತಿದೆ ಅಂತ ನೀವೇ ಹೇಳಿ ಎಂದು ಪಟ್ಟುಹಿಡಿದಳು.

"ಗುಂಡು ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಸವೆಯುತ್ತೆ," ಎಂದ ಅವನು. "ಕಣ್ಣಿಗೆ ಕಾಣದಷ್ಟು ನುಣ್ಣನೆ ಪುಡಿ. ದೇಹ ಕಾಯೋ ಜೀವಕೋಶಗಳು ಅದನ್ನ ರೋಗಾಣು ಥರ ನುಂಗ್ತವೆ. ಪ್ಲಾಸ್ಟಿಕ್ ಅರಗಲ್ಲ. ಅವು ಇನ್ನಷ್ಟು ಕೋಶಗಳನ್ನ ಕರೀತವೆ, ಉರಿಯೂತ ಆರೋದೇ ಇಲ್ಲ. ಕೊನೆಗೆ ಮೂಳೆ ಕರಗಿಸೋ ಕೋಶಗಳು ಕೆಲಸ ಶುರು ಮಾಡ್ತವೆ. ಮೂಳೆ ಟೊಳ್ಳಾಗಿ ಕೀಲು ಸಡಿಲ ಆಗುತ್ತೆ. ವರ್ಷಗಟ್ಟಲೆ ನೋವೇ ಇರಲ್ಲ. ಬಂದಾಗ..."

"ಬಂದಾಗ ಅದು ಮನಸ್ಸಿನ ಕಾಯಿಲೆ ಅನ್ನೋಕೆ ನೀವಿರ್ತೀರಿ."

ಅವನು ಎಕ್ಸ್‌ರೇಯನ್ನು ಮೆಲ್ಲಗೆ ಕವರಿಗೆ ಸೇರಿಸಿದ. ಅವಳು ಆ ಕವರನ್ನೇ ನೋಡಿದಳು. ತನ್ನನ್ನು ಕಾಯಲು ಹೋಗಿ ತನ್ನ ಮೈಯೇ ತನ್ನ ಮೂಳೆ ಕರಗಿಸಿದೆ. ಮೈಯನ್ನು ಬೈಯುವುದು ಹೇಗೆ? ಬೈಯಲು ಇವನೊಬ್ಬನಿದ್ದ.

"ಅವತ್ತು ಒಬ್ಬರೇ ಇರ್ತೀರಲ್ಲ ಅಂದೆನಲ್ಲ," ಎಂದ ಅವನು, ಕಣ್ಣೆತ್ತದೆ. "ನಿಮ್ಮ ಬದುಕಲ್ಲಿ ಯಾರಾದ್ರೂ ಇದ್ದಾರಾ ಅಂತ ತಿಳ್ಕೋಬೇಕಿತ್ತು. ನೆಟ್ಟಗೆ ಕೇಳೋಕೆ ಬರ್ಲಿಲ್ಲ."

ಅವಳ ದನಿ ತಗ್ಗಿತು. "ನನ್ನ ಮೂಳೆ ಕರಗ್ತಿತ್ತು. ನೀವು ಸಂಬಂಧ ಹುಡುಕ್ತಿದ್ರಾ?"

"ಹೌದು. ಅದಕ್ಕೇ ಇನ್ನು ನಿಮಗೆ ಚಿಕಿತ್ಸೆ ಕೊಡೋ ಯೋಗ್ಯತೆ ನಂಗಿಲ್ಲ."

ಅಲ್ಲೇ ಕೂತು ಅವಳ ಡಾಕ್ಟರಿಗೆ ಪತ್ರ ಬರೆದ. ಅವಳು ಯಾವ್ಯಾವ ದಿನ ನೋವೆಂದಳು, ತಾನು ಎಷ್ಟು ಮೆಟ್ಟಿಲು ಹತ್ತಿಸಿದೆ, ಯಾವುದನ್ನು ಪರೀಕ್ಷಿಸದೆ ಬಿಟ್ಟೆ, ಒಂದನ್ನೂ ಮುಚ್ಚಿಡದೆ ಬರೆದು ಸಹಿ ಹಾಕಿದ. ಮುಂದಿನ ಚಿಕಿತ್ಸೆಗೆ ಬೇರೊಬ್ಬರ ವಿಳಾಸ ಕೊಟ್ಟ. ಅವಳು ಥ್ಯಾಂಕ್ಸ್ ಕೂಡ ಹೇಳದೆ ಪತ್ರ ಕಿತ್ತುಕೊಂಡು ಹೋದಳು.

ಆಪರೇಷನ್ ಐದು ಗಂಟೆ ಹಿಡಿಯಿತು. ಸಡಿಲವಾದ ಬಟ್ಟಲು ತೆಗೆದು, ಗುಳಿಗಳಿಗೆ ದಾನಿಯ ಮೂಳೆ ತುಂಬಿ, ಹೊಸದನ್ನು ಕೂರಿಸಿದರು. ಪತ್ರ ನೋಡಿಯೇ ಅವಸರ ಮಾಡಿದೆವು, ತಡವಾಗಿದ್ದರೆ ಮೂಳೆಯೇ ಮುರಿಯುತ್ತಿತ್ತು ಎಂದರು ಡಾಕ್ಟರ್. ಆರು ವಾರ ಆ ಕಾಲಿನ ಮೇಲೆ ಭಾರ ಬಿಡುವಂತಿರಲಿಲ್ಲ.

ಅಕ್ಕ ಬಂದು ನೋಡಿಕೊಂಡಳು. ಅವನು ದಿನಾ ಸಂಜೆ ಅಕ್ಕನಿಗೆ ಫೋನ್ ಮಾಡಿ ಹೇಗಿದ್ದಾರೆಂದು ಕೇಳಿ ಇಟ್ಟುಬಿಡುತ್ತಿದ್ದ. ತಂಗಿ ಹಾಸಿಗೆಯಲ್ಲಿ ಬಿದ್ದುಕೊಂಡು ಅವನ ಜನ್ಮ ಜಾಲಾಡುತ್ತಿದ್ದಳು. ಐದನೇ ವಾರ ಅಕ್ಕ ಕೈಮುಗಿದಳು. "ಬೈಯೋಕಾದ್ರೂ ಅವರನ್ನೇ ಕರೆಸು ಮಾರಾಯ್ತಿ. ಅವರ ಪಾಲಿನದೂ ಕೇಳಿ ನನ್ನ ಕಿವಿ ತೂತು ಬಿದ್ದಿದೆ."

ಅವಳೇ ಫೋನ್ ಮಾಡಿದಳು. ಭಾನುವಾರ ಮಧ್ಯಾಹ್ನ ಅವನು ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಅವಳು ಒಂದು ಗಂಟೆ ಬೈದಳು. ಮೆಟ್ಟಿಲಿನ ಲೆಕ್ಕ ಹಿಡಿದು ಬೈದಳು, ಮೆದು ಮಾತಿಗೆ ಬೈದಳು. ಅವನು ಅವಳ ಕಣ್ಣು ಬಿಟ್ಟು ಅತ್ತಿತ್ತ ನೋಡಲಿಲ್ಲ. ಅವಳ ಗಂಟಲು ಒಣಗಿದಾಗ ನೀರು ಕೊಟ್ಟ.

"ನನ್ನ ಸಿಟ್ಟು ಇವತ್ತಿಗೆ ಮುಗಿಯಲ್ಲ," ಎಂದಳು.

"ಮುಗಿಸಿ ಅಂತ ನಾನು ಕೇಳಿಲ್ಲ."

"ನೋವು ಅಂದಾಗ ಎಷ್ಟೋ ಜನ ನಂಬಲಿಲ್ಲ. ಅವರನ್ನೆಲ್ಲ ಮರೆತೆ. ನಿಮ್ಮನ್ನ ಮರೆಯೋಕೆ ಆಗ್ತಿಲ್ಲ. ನೀವು ನಂಬಬೇಕು ಅಂತ ಆಸೆ ಇತ್ತು ನಂಗೆ. ನೀವು ಅಂದ್ರೆ ಇಷ್ಟ ಇತ್ತು. ಇನ್ನೂ ಇದೆ. ಅದೇ ನನ್ನ ಸಿಟ್ಟು."

ಅವನು ಹೊದಿಕೆಯ ಮೇಲಿದ್ದ ಅವಳ ಅಂಗೈ ಪಕ್ಕದಲ್ಲಿ ತನ್ನ ಕೈ ಇಟ್ಟು ಕಾದ.

ಅಕ್ಕ ಟೀ ತಂದಾಗ ತಂಗಿ ಮತ್ತೆ ಮೊದಲಿಂದ ಬೈಯಲು ಶುರುಮಾಡಿದ್ದಳು. ಅವನ ಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.