ಆಯ್ತಾ ನೋಡು

ಸುಹಾಸನ ಹೆಣ ಸಿಕ್ಕಿದ್ದು ಹಡಗಿನ ಇಂಜಿನ್ನಿನ ಪಕ್ಕದ ಸಂದಿಯಲ್ಲಿ. ಮನೆಯಷ್ಟು ದೊಡ್ಡ ಇಂಜಿನ್ನು ಒಂದು ಕಡೆಗೆ ವಾಲಿ, ಅವನನ್ನು ಗೋಡೆಗೆ ಒತ್ತಿಬಿಟ್ಟಿತ್ತು. ಅದು ಜರ್ಮನಿಯ ಬ್ರೆಮರ್‌ಹಾಫನ್ ಬಂದರಿನ ಹಡಗು ರಿಪೇರಿ ಯಾರ್ಡು.

ಕೋರ್ಟಿನ ದುಭಾಷಿ ವೈದೇಹಿಗೆ ಪೊಲೀಸ್ ಕಮಿಸಾರ್ ಬೆಹ್ರೆನ್ಸ್ ಫೋನು ಮಾಡಿದ.

"ವಾಕಿಟಾಕಿಯ ರೆಕಾರ್ಡಿಂಗ್ ಇದೆ. ನಿಮ್ಮ ಭಾಷೆ. ಕೇಳಿ ಸಹಿ ಹಾಕಿದರೆ ಫೈಲು ಮುಚ್ಚುತ್ತೇನೆ."

"ಮುಚ್ಚುವ ಮೊದಲು ಒಂದು ಸಲ ತೆರೆಯಿರಿ, ಸ್ವಾಮಿ" ಎಂದರು ವೈದೇಹಿ. ಮೈಸೂರು ಬಿಟ್ಟು ಎಷ್ಟು ವರ್ಷವಾದರೇನು, ಆ ಬಾಯಿಗೆ ಬೀಗ ಬಿದ್ದಿರಲಿಲ್ಲ.

*

ಠಾಣೆಯ ಬೆಂಚಿನ ಮೇಲೆ ಸುಹಾಸನ ಹೆಂಡತಿ ರಚನಾ ಕೂತಿದ್ದಳು.

"ಆಂಟಿ, ಅವರೇ ಆತುರಪಟ್ಟು ಸತ್ರು ಅಂತ ಪೊಲೀಸಿನವರು ಬರೀತಾರಂತೆ. ಹಾಲು ಉಕ್ಕೋ ತನಕ ಒಲೆ ಮುಂದೆ ನಿಂತಿರ್ತಿದ್ದ ಮನುಷ್ಯ! ಮಗಳಿಗೆ ಏನಂತ ಹೇಳ್ಲಿ?"

ಪಕ್ಕದಲ್ಲಿ ಅನುರಾಗ್. ಸುಹಾಸನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ. ಕೈಯಲ್ಲಿನ ಕಾಫಿ ಆರಿ ತಣ್ಣಗಾಗಿತ್ತು.

"ನಿಮ್ಮ ಕೆಲಸ ಹೇಗಪ್ಪಾ?" ವೈದೇಹಿ ಕೇಳಿದರು.

"ಇಂಜಿನ್ನನ್ನ ಜ್ಯಾಕ್ ಮೇಲೆ ಎತ್ತಿ, ಪ್ರೊಪೆಲ್ಲರ್ ತಿರುಗಿಸೋ ಶಾಫ್ಟಿಗೆ ನೇರ ಮಾಡ್ತೀವಿ. ಅದರ ಕಾಲಿನ ಕೆಳಗೆ ಉಳಿದ ಜಾಗಕ್ಕೆ ರೆಸಿನ್ ಅನ್ನೋ ಅಂಟು ಹುಯ್ತೀವಿ. ಅದು ಕಲ್ಲಾದ ಮೇಲೆ ವಾಲ್ವ್ ತಿರುಗಿಸಿ ಜ್ಯಾಕ್ ಇಳಿಸೋದು. ಚಳಿಗೆ ಲೇಟಾಗತ್ತೆ. ಅವನು ಕಾಯ್ಲಿಲ್ಲ ಆಂಟಿ."

"ಇಳಿಸೋ ವಾಲ್ವ್ ಎಲ್ಲಿರತ್ತೆ?"

"ಮೇಲೆ. ಏಣಿ ಹತ್ಬೇಕು."

"ನೀನೆಲ್ಲಿದ್ದೆ?"

"ಕ್ಯಾಂಟೀನಲ್ಲಿ. ಸೆಟ್ ಆಯ್ತಾ ಅಂತ ವಾಕಿಟಾಕೀಲಿ ಕೇಳ್ದೆ, ಅಷ್ಟೆ."

*

"ರೆಸಿನ್ನೇ ಹಾಳಾಗಿತ್ತೇನೋ ಅಂತ ಮೊದಲು ಅನುಮಾನಪಟ್ಟೆವು. ಪರೀಕ್ಷೆಯಲ್ಲಿ ಸರಕು ಸರಿ ಇತ್ತು" ಎಂದು ಬೆಹ್ರೆನ್ಸ್ ಗುಂಡಿ ಒತ್ತಿದ. ಮೊದಲು ಅನುರಾಗನ ದನಿ.

"ರೆಸಿನ್ ಸೆಟ್ ಆಯ್ತಾ ನೋಡು ಮಗಾ."

ಆಮೇಲೆ ಸುಹಾಸ. "ಆಯ್ತು."

ಅಷ್ಟೇ. ಅನುರಾಗ್ ಮಾಡಿಕೊಟ್ಟಿದ್ದ ಜರ್ಮನ್ ಅನುವಾದವನ್ನು ಬೆಹ್ರೆನ್ಸ್ ಓದಿದ: "ಗಟ್ಟಿಯಾಯಿತೇ? ಗಟ್ಟಿಯಾಯಿತು."

ವೈದೇಹಿ ಮತ್ತೊಮ್ಮೆ ಹಾಕಿಸಿ ಕೇಳಿದರು. "ಇದರಲ್ಲಿ ಒಂದು ಮಾತು ಕಳೆದುಹೋಗಿದೆ. 'ನೋಡು'."

ಮೇಜಿನ ಮೇಲೆ ಸುಹಾಸನ ಒಡೆದ ಕನ್ನಡಕ, ಟಾರ್ಚು, ರೆಸಿನ್ ತುಂಬಿದ ಒಂದು ಸಣ್ಣ ಪ್ಲಾಸ್ಟಿಕ್ ಕಪ್ಪು.

"ಇದೇನು?"

"ಮಾದರಿ. ಹುಯ್ದ ರೆಸಿನ್ನಿನಲ್ಲೇ ಒಂದು ಕಪ್ಪು ತೆಗೆದು ಇಂಜಿನ್ನಿನ ಕಾಲ ಬಳಿ ಇಡುತ್ತಾರೆ. ಇದು ಗಟ್ಟಿಯಾದರೆ ಅದೂ ಗಟ್ಟಿ. ಸತ್ತಾಗ ಅವನ ಕೈಯಲ್ಲಿತ್ತು."

ವೈದೇಹಿ ಕಪ್ಪನ್ನು ದೀಪಕ್ಕೆ ಹಿಡಿದರು. ಈಗದು ಕಲ್ಲು. ನಡುವೆ ಒಂದು ಕುಳಿ. ಹೆಬ್ಬೆರಳಿನದು, ಗೆರೆಗಳ ಸಮೇತ.

*

ಅನುರಾಗನನ್ನು ಒಳಗೆ ಕರೆಸಿದರು. ಹಿಂದೆಯೇ ರಚನಾ ಬಂದಳು.

"'ಅಂಗಡೀಲಿ ಹಾಲು ಬಂತಾ ನೋಡು' ಅಂದ್ರೆ ನೀನೇನಂತೀಯಪ್ಪಾ?" ವೈದೇಹಿ ಕೇಳಿದರು.

"ಆಯ್ತು ಅಂತೀನಿ."

"ಅಷ್ಟಕ್ಕೇ ಹಾಲು ಬಂದ್ಬಿಡತ್ತಾ?"

ಅನುರಾಗ್ ಬಾಗಿಲ ಕಡೆ ನೋಡಿದ.

"ಸುಹಾಸ ಅಂದಿದ್ದು 'ಸರಿ, ನೋಡ್ತೀನಿ' ಅಂತ. ಸಂದಿಗಿಳಿದ. ಕಪ್ಪಿಗೆ ಹೆಬ್ಬೆರಳು ಒತ್ತಿದ. ಬೆರಳು ಒಳಗಿಳೀತು. ಇನ್ನೂ ಮೆತ್ತಗಿದೆ ಅಂತ ಕೈಯಾರೆ ತಿಳಿದವನು ಏಣಿ ಹತ್ತಿ ಜ್ಯಾಕ್ ಇಳಿಸ್ತಾನಾ? ಇಳಿಸಿ, ಕಪ್ಪು ಹಿಡ್ಕೊಂಡು ಅದೇ ಸಂದೀಲಿ ಬಂದು ನಿಲ್ತಾನಾ? ಅವನು ಕೆಳಗಿದ್ದಾಗ ಮೇಲೆ ಇನ್ನೊಬ್ಬನಿದ್ದ. ಆ 'ಆಯ್ತು' ಕೇಳಿ ರೆಸಿನ್ ಸೆಟ್ ಆಯ್ತು ಅಂತ ತಪ್ಪು ತಿಳಿಯೋಕೂ ಕನ್ನಡ ಬರ್ಬೇಕು. ಆ ಹಡಗಲ್ಲಿ ಕನ್ನಡದವರು ನೀವಿಬ್ರೇ."

ಅನುರಾಗ್ ಬಾಯಿಬಿಟ್ಟ. "ಸೆಟ್ ಆಯ್ತು ಅಂದ ಅಂತಲೇ ಅಂದ್ಕೊಂಡೆ ಆಂಟಿ. ಮೇಲಿಂದ ಸಂದಿ ಕಾಣಲ್ಲ, ನೋಡಿ ಆಚೆ ಬಂದಿದಾನೆ ಅಂತ ವಾಲ್ವ್ ತಿರುಗಿಸ್ದೆ. ಇಂಜಿನ್ ವಾಲಿದ ಮೇಲೇ ಗೊತ್ತಾಗಿದ್ದು, ಅವನು ಕೆಳಗಿದಾನೆ ಅಂತ."

"ಕೈತಪ್ಪಿ ಕೊಂದೆ, ನಂಬ್ತೀನಿ. ಆದ್ರೆ ಆ 'ನೋಡು' ಅನ್ನೋದನ್ನ ನುಂಗಿ ತಪ್ಪನ್ನ ಸತ್ತವನ ತಲೆಗೆ ಕಟ್ಟಿದೆಯಲ್ಲ, ಅದು ಕೈತಪ್ಪಿ ಅಲ್ಲಪ್ಪಾ."

ಅವರು ಅದನ್ನೇ ಜರ್ಮನಿನಲ್ಲಿ ಹೇಳಿದರು. ಬೆಹ್ರೆನ್ಸ್ ಹಳೆಯ ವರದಿಯನ್ನು ಹರಿದು ಹಾಕಿದ.

*

ರಚನಾ ಕಪ್ಪು ಕೇಳಿದಳು. ಸಾಕ್ಷ್ಯದ ವಸ್ತು. ಬೆಹ್ರೆನ್ಸ್ ತಡೆದು, ಕೊನೆಗೆ ಪ್ಲಾಸ್ಟಿಕ್ ಚೀಲದೊಳಗೇ ಇಟ್ಟು ಕೊಟ್ಟ. ಅವಳು ಕುರ್ಚಿಯಲ್ಲಿ ಕೂತು ಚೀಲದ ಮೇಲಿಂದಲೇ ಆ ಕುಳಿಯಲ್ಲಿ ತನ್ನ ಹೆಬ್ಬೆರಳು ಇಟ್ಟಳು. ಸುತ್ತಲೂ ಜಾಗ ಉಳಿಯಿತು.

"ಅವರು ಕಾದಿದ್ರು, ಅಲ್ವಾ ಆಂಟಿ?"

"ಕಾದಿದ್ದ ಕಣಮ್ಮ. ಮಗಳಿಗೆ ಅದನ್ನೇ ಹೇಳು. ಏಳು, ಮನೆಗೆ ಹೋಗೋಣ."

"ಆಯ್ತು" ಎಂದಳು ರಚನಾ.

ಏಳಲಿಲ್ಲ.